ಮೂರನೆಯ ಪ್ರತಿ

ಮಂಗಳೂರಿನ ಬೈಕಂಪಾಡಿಯ ಎಣ್ಣೆ ಕಾರ್ಖಾನೆಗೆ ಟ್ಯಾಂಕರ್ ಬಂದರೆ ಮೊದಲು ಇಳಿಯುವುದು ಎಣ್ಣೆಯಲ್ಲ, ಮಾದರಿ. ಟ್ಯಾಂಕಿನ ಮೇಲಿನಿಂದ, ನಡುವಿನಿಂದ, ತಳದಿಂದ ತೆಗೆದ ಎಣ್ಣೆಯನ್ನು ಒಂದಾಗಿ ಕಲಸಿ ಮೂರು ಬಾಟಲಿಗಳಿಗೆ ತುಂಬಿಸಿ ಅರಗಿನ ಮುದ್ರೆ ಒತ್ತುತ್ತಾರೆ. ಒಂದು ಮಾರಿದವನಿಗೆ, ಒಂದು ಕೊಂಡವನಿಗೆ. ಮೂರನೆಯದು ಯಾರದೂ ಅಲ್ಲ. ಅದು ಕಪಾಟಿನಲ್ಲಿ ಕೂತಿರುತ್ತದೆ. ಮೊದಲಿನ ಎರಡರ ಫಲಿತಾಂಶ ಒಂದಕ್ಕೊಂದು ಹೊಂದದೆ ಜಗಳ ಬಂದರೆ ಮಾತ್ರ ಅದನ್ನು ಒಡೆಯುವುದು. ಅಲ್ಲಿನ ಪ್ರಯೋಗಾಲಯದ ಹತ್ತೊಂಬತ್ತು ವರ್ಷಗಳ ಕೆಲಸದಲ್ಲಿ ಹಬೀಬಾ ಸಾವಿರಾರು ಬಾಟಲಿಗಳಿಗೆ ಮುದ್ರೆ ಒತ್ತಿದ್ದಾಳೆ. ಮೂರನೆಯದನ್ನು ಒಡೆದದ್ದು ನಾಲ್ಕೇ ಸಲ. ಅದರಲ್ಲಿ ಎರಡು ಸಲ ತಪ್ಪು ಅವಳದೇ ಆಗಿತ್ತು. ಅದನ್ನೂ ಅವಳು ಯಾರು ಕೇಳಿದರೂ ಹೇಳುತ್ತಾಳೆ.

ಹಬೀಬಾ ಹುಟ್ಟಿದ್ದೂ ಈಗ ಇರುವುದೂ ಬೋಳಾರದಲ್ಲೇ. ತಂದೆ ಮೊಯ್ದೀನಬ್ಬರಿಗೆ ಬಂದರಿನಲ್ಲಿ ಒಣಮೀನಿನ ವ್ಯಾಪಾರವಿತ್ತು. ಮಗಳು ರಸಾಯನಶಾಸ್ತ್ರ ತೆಗೆದುಕೊಂಡು ಬಿ.ಎಸ್ಸಿ. ಓದುತ್ತೇನೆ ಎಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಅದರಲ್ಲಿ ತೂಕ ಸರಿಯಾಗಿ ನೋಡ್ಲಿಕ್ಕೆ ಕಲಿಸ್ತಾರಾ?"

ಕಲಿಸುತ್ತಾರೆ ಎಂದಳು.

"ಹಾಗಾದ್ರೆ ಹೋಗು."

ಈಗ ಅವಳಿಗೆ ನಲವತ್ತನಾಲ್ಕು. ಗಂಡ ಶಾಹುಲ್ ಕೊಲ್ಲಿಯ ದಮಾಮಿನಲ್ಲಿದ್ದಾನೆ. ಅವಳ ದಿನದ ಮುಖ್ಯ ಕೆಲಸ ಎಣ್ಣೆಯಲ್ಲಿರುವ ಆಮ್ಲವನ್ನು ಅಳೆಯುವುದು. ಫ್ಲಾಸ್ಕಿಗೆ ಹನಿ ಹನಿಯಾಗಿ ಕ್ಷಾರ ಬಿಡುತ್ತ ಹೋದರೆ ಯಾವುದೋ ಒಂದು ಹನಿಗೆ ಇಡೀ ದ್ರವ ತಿಳಿಗುಲಾಬಿಯಾಗುತ್ತದೆ. ಆದ ಕೂಡಲೇ ಬರೆದುಕೊಳ್ಳುವ ಹಾಗಿಲ್ಲ. ಮೂವತ್ತು ಸೆಕೆಂಡು ಕಾಯಬೇಕು. ಬಣ್ಣ ನಿಂತರೆ ಅದು ಫಲಿತಾಂಶ, ಮಾಸಿದರೆ ಇನ್ನೊಂದು ಹನಿ. ಹೊಸದಾಗಿ ಸೇರಿದವರಿಗೆ ಅವಳು ಮೊದಲು ಕಲಿಸುವುದು ಈ ಕಾಯುವುದನ್ನೇ.

ಕಾಯದೆ ಬರೆದುಕೊಂಡದ್ದರಿಂದ ಏನಾಗುತ್ತದೆ ಎಂದು ಅವಳಿಗೆ ಪ್ರಯೋಗಾಲಯಕ್ಕಿಂತ ಮೊದಲೇ ಗೊತ್ತಿತ್ತು. ಅವಳಿಗೆ ಹದಿನೆಂಟು ತುಂಬಿದ ವರ್ಷ ಊರಿನಲ್ಲಿ ಕೋಮುಗಲಭೆಯಾಗಿ ಕರ್ಫ್ಯೂ ಹಾಕಿದ್ದರು. ಎರಡು ಮನೆ ಆಚೆ ಪೂವಪ್ಪನವರ ಮಗಳು ಭವ್ಯಶ್ರೀ ಅವಳ ಬೆಂಚಿನ ಗೆಳತಿ. ಒಬ್ಬಳ ಊಟದ ಡಬ್ಬಿ ಇನ್ನೊಬ್ಬಳ ಚೀಲದಲ್ಲಿ ಇರುತ್ತಿದ್ದಷ್ಟು ಹತ್ತಿರ. ಆ ವಾರ ಭವ್ಯಶ್ರೀಯ ಮನೆಗೆ ಒಂದು ಸುದ್ದಿ ಬಂತು: ಮೊಯ್ದೀನಬ್ಬನ ಅಂಗಳದಲ್ಲಿ ಎಸೆಯುವುದಕ್ಕೆ ಹಂಚಿನ ಚೂರು ರಾಶಿ ಹಾಕಿದ್ದಾರೆ. ಹಬೀಬಾಳ ಮನೆಗೂ ಒಂದು ಸುದ್ದಿ ಬಂತು: ಯಾವ ಮನೆ ಯಾರದು ಎಂದು ಪೂವಪ್ಪ ಪಟ್ಟಿ ಬರೆಯುತ್ತಿದ್ದಾರೆ. ಎರಡೂ ನಿಜವೇ. ರಾಶಿಯೂ ಇತ್ತು, ಪಟ್ಟಿಯೂ ಇತ್ತು. ಹಂಚಿನ ಚೂರು ಬಟ್ಟೆ ಒಗೆಯುವ ಕಲ್ಲಿನ ಸುತ್ತ ಕೆಸರಾಗದಂತೆ ಹರಡುವುದಕ್ಕೆ ತಂದದ್ದು. ಪಟ್ಟಿ ಯುವಕ ಮಂಡಲದ ವಾರ್ಷಿಕೋತ್ಸವದ ಆಮಂತ್ರಣ ಹಂಚುವುದಕ್ಕೆ ಬರೆದದ್ದು. ಕೇಳಿದ್ದರೆ ಒಂದೇ ನಿಮಿಷದಲ್ಲಿ ಮುಗಿಯುವ ಮಾತು. ಯಾರೂ ಕೇಳಲಿಲ್ಲ.

ಗೆಳತಿಯರು ಹದಿಮೂರು ವರ್ಷ ಮಾತಾಡಲಿಲ್ಲ. ಕೊನೆಗೆ ಒಂದು ಶಾಲೆಯ ಎಲ್‌ಕೆಜಿ ಅರ್ಜಿಯ ಸಾಲಿನಲ್ಲಿ ಹಿಂದೆ ಮುಂದೆ ನಿಲ್ಲಬೇಕಾಯಿತು. ಭವ್ಯಶ್ರೀ ಬಂದದ್ದು ಮಗ ಶೋಭಿತನಿಗಾಗಿ, ಹಬೀಬಾ ಬಂದದ್ದು ತಮ್ಮ ಇಮ್ತಿಯಾಝನ ಮಗಳು ನಜ್ಲಾಳಿಗಾಗಿ. ಎರಡು ಗಂಟೆ ನಿಂತ ಮೇಲೆ ಭವ್ಯಶ್ರೀ ತಿರುಗಿ ಕೇಳಿದಳು, "ಆ ಹಂಚಿನ ಚೂರು ಎಂತಕ್ಕೆ ಮಾರಾಯ್ತಿ ಹಾಕಿದ್ದು ನೀವು?"

*

ಹೋದ ಜೂನಿನಲ್ಲಿ ಶೋಭಿತ್ ಮತ್ತು ನಜ್ಲಾ ಇಬ್ಬರೂ ಎರಡನೇ ಪಿಯು ವಿಜ್ಞಾನಕ್ಕೆ ಬಂದಿದ್ದರು. ಹಬೀಬಾ ಅವರಿಗೆ ವಾರಕ್ಕೊಮ್ಮೆ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದಳು. ಒಂದು ದಿನ ಸಮೀಕರಣದ ನಡುವೆ ಇಬ್ಬರಿಗೂ ಜಗಳ ಹತ್ತಿತು. ಹಿಂದಿನ ದಿನ ನಗರದಲ್ಲಿ ನಡೆದ ಒಂದು ಮೆರವಣಿಗೆಯ ಬಗ್ಗೆ ಜಗಳ. ಹಬೀಬಾ ಇಬ್ಬರ ಮೊಬೈಲನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಡಿಸಿದಳು. ಅದೇ ದಿನ, ಅದೇ ರಸ್ತೆ. ಅವನ ಪರದೆಯಲ್ಲಿ ಇದ್ದ ಒಂದು ವೀಡಿಯೋವೂ ಅವಳ ಪರದೆಯಲ್ಲಿ ಇರಲಿಲ್ಲ.

ಒಂದೇ ಟ್ಯಾಂಕರಿನ ಎರಡು ಬಾಟಲಿಗಳಲ್ಲಿ ಒಂದರಲ್ಲಿ ಎಣ್ಣೆ, ಇನ್ನೊಂದರಲ್ಲಿ ನೀರು ಇದ್ದರೆ ತಪ್ಪು ಮಾದರಿ ತೆಗೆದವನದ್ದು ಎಂದು ಅವಳಿಗೆ ತಿಳಿದಿತ್ತು. ಮರುದಿನವೇ ಅವಳು ಯುವಕ ಮಂಡಲದ ಅಧ್ಯಕ್ಷ ಪೂವಪ್ಪನವರಲ್ಲಿಗೆ ಹೋಗಿ ಮಹಡಿಯ ಕೋಣೆಯ ಕೀಲಿಕೈ ಕೇಳಿದಳು. ಪ್ರತಿ ಶನಿವಾರ ಸಂಜೆ ನಾಲ್ಕರಿಂದ ಐದೂವರೆ.

"ಎಂತ ಮಾಡ್ತೀ ಅಲ್ಲಿ?" ಎಂದರು ಪೂವಪ್ಪ. ಎಪ್ಪತ್ತಾರರ ಮನುಷ್ಯ, ಹಂಚಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು.

"ಮಕ್ಕಳಿಗೆ ರಾಜಕೀಯ ಮಾತಾಡ್ಲಿಕ್ಕೆ, ಪೂವಪ್ಪಣ್ಣ."

"ಅದಕ್ಕೆ ಕೋಣೆ ಎಂತಕ್ಕೆ? ಅದು ಬಸ್‌ಸ್ಟಾಂಡಿನಲ್ಲಿಯೂ ಆಗ್ತದೆ."

"ಇಲ್ಲಿ ಎದುರಿನವರ ರಾಜಕೀಯ ಮಾತಾಡ್ಬೇಕು. ತಮ್ಮದಲ್ಲ."

ಪೂವಪ್ಪ ಕೀಲಿಕೈ ಕೊಟ್ಟರು. ಜೊತೆಗೆ ಒಂದು ಶರತ್ತು: ಟ್ರೋಫಿಗಳ ಕಪಾಟಿನ ಕೀಲಿ ಮಾತ್ರ ತಮ್ಮ ಬಳಿಯೇ.

ಮೊದಲ ಶನಿವಾರ ಹದಿನಾಲ್ಕು ಮಂದಿ ಬಂದರು. ಹಬೀಬಾ ಪ್ರಯೋಗಾಲಯದ ಪದ್ಧತಿಯನ್ನೇ ತಂದಿದ್ದಳು. ಪತ್ರಿಕೆಗಳ ಲೇಖನಗಳನ್ನು ಕತ್ತರಿಸಿ, ಪತ್ರಿಕೆಯ ಹೆಸರು, ಬರೆದವರ ಹೆಸರು ತೆಗೆದು, ಬರೀ ಸಂಖ್ಯೆ ಹಾಕಿದ್ದಳು. ಯಾರ ಮಾದರಿ ಎಂದು ಗೊತ್ತಿಲ್ಲದಿದ್ದರೆ ಕೈ ವಾಲುವುದಿಲ್ಲ ಎಂಬುದು ಅವಳ ಲೆಕ್ಕ. ಲೆಕ್ಕ ಎರಡೇ ನಿಮಿಷದಲ್ಲಿ ಕುಸಿಯಿತು.

"ಆಂಟಿ, ಇದು ನಮ್ಮ ಮನೆಯ ಪೇಪರು," ಎಂದ ಇರ್ವಿನ್, ಜೆಪ್ಪುವಿನಿಂದ ಬರುವ ಹುಡುಗ. "ಈ ಅಕ್ಷರ ಅದರದ್ದೇ. ಮತ್ತೆ ಆ ಮೂರನೇದ್ದು ಶೋಭಿತನ ಮನೆಯದ್ದು. ಕಾಗದ ಸ್ವಲ್ಪ ಹಳದಿ ಉಂಟಲ್ಲ."

ಮಂಗಳೂರಿನ ಮಕ್ಕಳು ಪೇಪರನ್ನು ಓದದಿದ್ದರೂ ಅದರ ಅಕ್ಷರ ನೋಡಿ ಯಾವ ಮನೆಯದು ಎಂದು ಹೇಳಬಲ್ಲರು ಎಂದು ಅವಳು ಎಣಿಸಿರಲಿಲ್ಲ. ಆ ರಾತ್ರಿ ತನ್ನ ಪುಸ್ತಕದಲ್ಲಿ "ಮೊದಲ ವಿಧಾನ ವಿಫಲ" ಎಂದು ದಿನಾಂಕ ಸಮೇತ ಬರೆದುಕೊಂಡಳು.

ಎರಡನೆಯ ವಿಧಾನ ಇದು. ಒಂದು ವಿಷಯ. ಎರಡು ಕಡೆ. ಪ್ರತಿಯೊಬ್ಬರೂ ಎದುರು ಕಡೆಯ ಮಾತನ್ನು ಸ್ವಂತ ಕೈಬರಹದಲ್ಲಿ ಒಂದು ಪುಟ ಬರೆಯಬೇಕು. ಮೇಲೆ "ಇದು ನನ್ನ ಮಾತಲ್ಲ, ಎದುರಿನವರದು" ಎಂಬ ತಲೆಬರಹ. ಬರೆದದ್ದನ್ನು ಎದುರಿನವರಿಗೇ ಓದಿ ಹೇಳಬೇಕು. "ಹೌದು, ನಾವು ಹೇಳುವುದು ಇದನ್ನೇ" ಎಂದು ಅವರಿಗೆ ಅನಿಸಿದರೆ ಮಾತ್ರ ಕೆಳಗೆ ರುಜು ಹಾಕಬೇಕು. ಅನಿಸದಿದ್ದರೆ ಮತ್ತೊಮ್ಮೆ ಬರೆಯಬೇಕು. ಒಬ್ಬರು ಓದಿದ ಮೇಲೆ ಮೂವತ್ತು ಸೆಕೆಂಡು ಯಾರೂ ಬಾಯಿ ತೆರೆಯುವ ಹಾಗಿಲ್ಲ. ಕಾರ್ಬನ್ ಕಾಗದ ಇಟ್ಟು ಮೂರು ಪ್ರತಿ. ಒಂದು ಬರೆದವರಿಗೆ, ಒಂದು ರುಜು ಹಾಕಿದವರಿಗೆ. ಮೂರನೆಯದನ್ನು ತಿದ್ದಿ ಬಿಟ್ಟ ಹಾಳೆಗಳ ಸಮೇತ ಲಕೋಟೆಗೆ ಹಾಕಿ, ಅಂಟಿಸಿ, ಅಂಚಿನ ಮೇಲೆ ದಿನಾಂಕ ಬರೆದು ಇಬ್ಬರೂ ರುಜು ಮಾಡಿ ಟ್ರೋಫಿಗಳ ಕಪಾಟಿನೊಳಗೆ. ಪ್ರತಿ ಶನಿವಾರ ಐದೂವರೆಗೆ ಪೂವಪ್ಪ ಮಹಡಿ ಹತ್ತಿ ಬಂದು, ಒಳಗೇನಿದೆ ಎಂದು ಕೇಳದೆ, ಕಪಾಟು ತೆರೆದು ಲಕೋಟೆಗಳನ್ನು ಇಡಿಸಿ ಬೀಗ ಹಾಕಿ ಇಳಿಯುತ್ತಿದ್ದರು.

"ಇದು ಕಾರ್ಬನ್ ಕಾಪಿ ಅಂದ್ರೆ ನಿಜವಾದ ಕಾರ್ಬನ್ನಾ?" ಎಂದು ನೀಲಿಯಾದ ಬೆರಳು ನೋಡಿಕೊಂಡು ಇರ್ವಿನ್ ಕೇಳಿದ.

ಮೊದಮೊದಲು ರುಜು ಸಿಗುವುದೇ ಕಷ್ಟವಾಗಿತ್ತು. ಹೆಂಗಸರ ಉಚಿತ ಬಸ್ಸಿನ ವಿಷಯದಲ್ಲಿ ಶೋಭಿತ್ ನಜ್ಲಾಳ ಕಡೆಯ ಮಾತನ್ನು ಬರೆದು ಓದಿದ: "ಅವರಿಗೆ ಎಲ್ಲವೂ ಪುಕ್ಕಟೆ ಬೇಕು."

ಮೂವತ್ತು ಸೆಕೆಂಡು ಕಳೆದ ಮೇಲೆ ನಜ್ಲಾ ಹೇಳಿದಳು. "ಇದಕ್ಕೆ ರುಜು ಹಾಕಬೇಕಾ? ಇದರಲ್ಲಿ ಬಂಗುಡೆ ಕಟ್ಟಿ ಕೊಟ್ರೆ ಮೀನೂ ಬೇಜಾರು ಮಾಡ್ಕೊಳ್ತದೆ."

"ಮತ್ತೆ ನೀವು ಹೇಳುವುದು ಅದನ್ನೇ ಅಲ್ವಾ?"

"ನಮ್ಮ ಅಜ್ಜಿ ಆಸ್ಯಮ್ಮ ಜನ್ಮದಲ್ಲಿ ಒಬ್ಬರೇ ಉಡುಪಿಗೆ ಹೋದದ್ದಿಲ್ಲ. ಟಿಕೆಟಿಗೆ ಯಾರನ್ನಾದ್ರೂ ಕೇಳ್ಬೇಕಲ್ಲ ಅಂತ. ಹೋದ ತಿಂಗಳು ಸರಕಾರಿ ಬಸ್ಸಲ್ಲಿ ಹೋಗಿ ಬಂದ್ರು. ಅದನ್ನು ಬರಿ."

ಅವನು ಬರೆದ. ನಂತರ ಅವಳ ಸರದಿ ಬಂದಾಗ, ಇಲ್ಲಿ ಓಡುವುದು ಹೆಚ್ಚಿನದ್ದೂ ಖಾಸಗಿ ಬಸ್ಸು, ಹಾಗಾಗಿ ನಗರದ ಹೆಂಗಸರಿಗೆ ಇದರಿಂದ ಎಷ್ಟು ಲಾಭ ಎಂದು ಎಣಿಸಿ ನೋಡಬೇಕು ಎಂಬ ಶೋಭಿತನ ಮಾತನ್ನು ಅವಳೂ ಮೂರು ಸಲ ತಿದ್ದಿ ಬರೆಯಬೇಕಾಯಿತು. "ಮೂರನೇ ಸಲ ಸರಿಯಾಯ್ತು," ಎಂದು ಅವನು ರುಜು ಹಾಕುವಾಗ ದೊಡ್ಡ ಅಧಿಕಾರಿಯ ಹಾಗೆ ಪೆನ್ನನ್ನು ಎರಡು ಸಲ ಕೊಡವಿದ.

*

ಜನವರಿಯ ಒಂದು ಗುರುವಾರ ಸಂಜೆ ಭವ್ಯಶ್ರೀಯ ಗಂಡ ಮುಖೇಶ್ ಮಗನ ಭೌತಶಾಸ್ತ್ರದ ರೆಕಾರ್ಡ್ ಪುಸ್ತಕ ತೆರೆದ. ಒಳಗೆ ಮಡಚಿದ ಒಂದು ಹಾಳೆ ಸಿಕ್ಕಿತು. ಮುಖೇಶನಿಗೆ ಮಂಗಳಾದೇವಿ ರಸ್ತೆಯಲ್ಲಿ ವಿದ್ಯುತ್ ಸಾಮಾನಿನ ಅಂಗಡಿ ಇದೆ. ಅವನ ಪಕ್ಷಕ್ಕೆ ವಾರ್ಡಿನಲ್ಲಿ ಬ್ಯಾನರು ಕಟ್ಟುವುದರಿಂದ ಹಿಡಿದು ಮತಗಟ್ಟೆಯಲ್ಲಿ ಕೂರುವ ತನಕ ಎಲ್ಲಕ್ಕೂ ಅವನೇ ಬೇಕು. ಹಾಳೆಯಲ್ಲಿ ಮಗನ ಅಕ್ಷರ. ವಿಷಯ ಅಲ್ಪಸಂಖ್ಯಾತರ ವಿದ್ಯಾರ್ಥಿವೇತನ. ಮುಖೇಶನ ಪಕ್ಷ ಅದನ್ನು ವಿರೋಧಿಸುತ್ತದೆ. ಮಗ ಅದು ಉಳಿಯಬೇಕು ಎಂದು ಬರೆದಿದ್ದ. ಕೆಳಗೆ "ಹೌದು, ಇದೇ. ನಜ್ಲಾ" ಎಂದು ರುಜು.

ಒಂದು ಹುಡುಗನ ಕಾಗದದ ಕೆಳಗೆ ಒಂದು ಹುಡುಗಿಯ ಹೆಸರು. ಈ ಊರಿನಲ್ಲಿ ಅದೊಂದೇ ಸಾಕು, ಮೇಲೆ ಏನು ಬರೆದಿದೆ ಎಂದು ಯಾರೂ ಓದುವುದಿಲ್ಲ.

ಮುಖೇಶ್ ಹಾಳೆಯನ್ನು ಮೇಲಿನಿಂದ ಹಿಡಿದುಕೊಂಡು ಒಂದು ಫೋಟೋ ತೆಗೆದು ಗೆಳೆಯ ರಿತೇಶನಿಗೆ ಕಳಿಸಿದ. "ಇದು ಎಂತ ನೋಡು ಮಾರಾಯ." ಆಮೇಲೆ ಹಾಳೆಯನ್ನು ಹರಿದು ಎಸೆದ. ಫೋಟೋ ತೆಗೆಯುವಾಗ ಅವನ ಹೆಬ್ಬೆರಳು ತಲೆಬರಹದ ಮೇಲೆಯೇ ಇತ್ತು. ಫೋಟೋದಲ್ಲಿ ಹೆಬ್ಬೆರಳು ಇತ್ತು, ತಲೆಬರಹ ಇರಲಿಲ್ಲ.

ರಿತೇಶ್ ಅದನ್ನು ವಾರ್ಡಿನ ಗುಂಪಿಗೆ ಹಾಕಿದ. ಶುಕ್ರವಾರ ಮಧ್ಯಾಹ್ನ ಕದ್ರಿಯ ಯಾರೋ ಪರಿಚಯವಿಲ್ಲದವರಿಂದ ಅದು ತಿರುಗಿ ಮುಖೇಶನ ಮೊಬೈಲಿಗೇ ಬಂತು. ಮೇಲೊಂದು ಸಾಲು ಸೇರಿಕೊಂಡಿತ್ತು: "ನಮ್ಮ ನಾಯಕನ ಮಗನೇ ಆ ಕಡೆ." ಕಾಲೇಜಿನಲ್ಲಿ ಶೋಭಿತನ ಹಿಂದಿನ ಬೆಂಚಿನವರು ಅವನಿಗೆ ಹೊಸ ಹೆಸರು ಇಟ್ಟರು. ಅವನು ಶನಿವಾರ ಕಾಲೇಜಿಗೆ ಹೋಗಲಿಲ್ಲ.

ಅದೇ ಫೋಟೋ ನೋಡಿದ ಇಮ್ತಿಯಾಝ್ ಮಗಳ ಫೈಲು ತೆಗೆದ. ಹದಿನೈದು ವರ್ಷ ದುಬೈಯಲ್ಲಿ ದುಡಿದು ಬಂದು ಈಗ ಹಣ್ಣಿನ ಸಗಟು ವ್ಯಾಪಾರ ಮಾಡುವ ಅವನು ಎದುರಿನ ಪಕ್ಷದ ಮತಗಟ್ಟೆ ಸಮಿತಿಯಲ್ಲಿದ್ದಾನೆ. ಫೈಲಿನಲ್ಲಿ ನಜ್ಲಾಳ ಕೈಬರಹದಲ್ಲಿ ಆ ವಿದ್ಯಾರ್ಥಿವೇತನ ಧರ್ಮದ ಮೇಲೆ ಇರಬಾರದು ಎಂದು ಒಂದು ಪುಟ ಇತ್ತು. ಅವನು ನೇರ ಅಕ್ಕನ ಅಡುಗೆಮನೆಗೆ ಬಂದು ನಿಂತ.

"ನನ್ನ ಮಗಳಿಗೆ ಕೆಮಿಸ್ಟ್ರಿ ಹೇಳಿಕೊಡು ಅಂದದ್ದು. ಇದನ್ನಲ್ಲ."

"ತಲೆಬರಹ ಓದಿದ್ಯಾ?"

"ತಲೆಬರಹ ಯಾವಾಗ ಬೇಕಾದ್ರೂ ಬರೀಬಹುದು," ಎಂದು ಅವನು ಹೋದ.

ಅಲ್ಲೇ ಇತ್ತು ತೊಡಕು. ಶೋಭಿತನ ಪುಟದ ಎರಡನೆಯ ಪ್ರತಿ ನಜ್ಲಾಳ ಬಳಿ ಇತ್ತು, ತಲೆಬರಹವೂ ಇತ್ತು. ಆದರೆ ಮಾರಿದವನ ಬಾಟಲಿಯನ್ನು ಕೊಂಡವನು ನಂಬುವುದಿಲ್ಲ, ಕೊಂಡವನದ್ದನ್ನು ಮಾರಿದವನು ನಂಬುವುದಿಲ್ಲ. ಭಾನುವಾರ ಹತ್ತು ಗಂಟೆಗೆ ಮಂಡಲದ ಸಭೆ ಕರೆದರು. ಕಾರ್ಯಸೂಚಿಯಲ್ಲಿ ಒಂದೇ ವಿಷಯ: ಮಹಡಿಯ ಕೋಣೆಯ ಕೀಲಿಕೈ ಹಿಂದೆ ಪಡೆಯುವುದು.

ಆ ಶನಿವಾರ ಕೂಟ ಇರಲಿಲ್ಲ. ಹಬೀಬಾ ತನ್ನ ಪುಸ್ತಕ ಹಿಡಿದು ಕೂತಳು. ಒಂದು ಹೆದರಿಕೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಲಕೋಟೆಗಳನ್ನು ಅಂಟಿಸುವ ಮೊದಲು ಅವಳು ಒಮ್ಮೆಯೂ ಒಳಗಿನದನ್ನು ಓದಿದವಳಲ್ಲ. ಮುದ್ರೆ ಒತ್ತುವವರು ಒಳಗೆ ಇಣುಕಬಾರದು ಎಂಬುದು ಅವಳ ನಿಯಮ. ಕಾರ್ಬನ್ ಸರಿದು ತಲೆಬರಹ ಮೂರನೆಯ ಹಾಳೆಗೆ ಇಳಿಯದೆ ಇದ್ದರೆ? ಆಗ ಆ ಹುಡುಗನಿಗೆ ಇಟ್ಟ ಹೊಸ ಹೆಸರನ್ನು ಅಳಿಸುವುದಕ್ಕೆ ಈ ಊರಿನಲ್ಲಿ ಏನೂ ಉಳಿಯುವುದಿಲ್ಲ. ಇಪ್ಪತ್ತಾರು ವರ್ಷ ಹಿಂದೆ ಹಂಚಿನ ಚೂರಿಗೆ ಯಾರೂ ಸಾಕ್ಷಿ ಇರಲಿಲ್ಲವಲ್ಲ, ಹಾಗೆ.

*

ಸಭೆಗೆ ನಲವತ್ತು ಮಂದಿ ಬಂದಿದ್ದರು. ಕೆಳಗಿನ ಸಭಾಂಗಣದಲ್ಲಿ ಕುರ್ಚಿ ಸಾಲದೆ ಕೆಲವರು ಬಾಗಿಲಲ್ಲಿ ನಿಂತರು. ಒಂದು ಬದಿಯಲ್ಲಿ ಮುಖೇಶ್, ಇನ್ನೊಂದು ಬದಿಯಲ್ಲಿ ಇಮ್ತಿಯಾಝ್. ಒಂದು ಕಾಲದಲ್ಲಿ ಇಬ್ಬರೂ ಮಂಡಲದ ವಾಲಿಬಾಲ್ ತಂಡದಲ್ಲಿದ್ದರು, ಒಬ್ಬ ಎತ್ತಿ ಕೊಟ್ಟರೆ ಇನ್ನೊಬ್ಬ ಹೊಡೆಯುತ್ತಿದ್ದ. ಈಗ ಚುನಾವಣೆಯ ದಿನ ಮತಗಟ್ಟೆಯ ಹೊರಗೆ ಎರಡು ಮೇಜು ಹಾಕಿ ಬೆನ್ನು ತಿರುಗಿಸಿ ಕೂರುತ್ತಾರೆ.

ಮುಖೇಶ್ ಎದ್ದ. "ಹಬೀಬಕ್ಕನ ಮೇಲೆ ನನಗೆ ಗೌರವ ಉಂಟು. ಆದ್ರೆ ಕೀಲಿಕೈ ವಾಪಸ್ ತೆಗೀಬೇಕು. ಮಕ್ಕಳ ತಲೆ ಹಾಳಾಗ್ತದೆ."

ಇಮ್ತಿಯಾಝ್ ಎದ್ದ. "ನನ್ನದೂ ಅದೇ ಮಾತು. ಅಕ್ಕ ಆದ್ರೂ ಹೇಳ್ಬೇಕಾಗ್ತದೆ. ತೆಗೀರಿ."

ಪೂವಪ್ಪ ಕನ್ನಡಕ ಒರೆಸಿಕೊಂಡರು. "ಅಲ್ಲ ಮಾರಾಯ್ರೆ, ಇಪ್ಪತ್ತು ವರ್ಷದಲ್ಲಿ ನೀವಿಬ್ಬರು ಒಂದೇ ಮಾತು ಹೇಳಿದ್ದು ಇವತ್ತೇ. ಹಬೀಬಾ, ಅಷ್ಟಾದರೂ ಸಾಧಿಸಿದೆಯಲ್ಲ ನೀನು."

ಬಾಗಿಲಲ್ಲಿ ನಿಂತವರು ನಕ್ಕರು. ಹಬೀಬಾ ಎದ್ದು, ಜನವರಿ ಹನ್ನೊಂದರ ಲಕೋಟೆಗಳನ್ನು ತರಿಸಬೇಕು ಎಂದಳು. ಪೂವಪ್ಪ ತಾವೇ ಮಹಡಿ ಹತ್ತಿ, ತಾವೇ ಬೀಗ ತೆಗೆದು ತಂದರು. ಅಂಚಿನ ಮೇಲೆ ದಿನಾಂಕ, ಎರಡು ರುಜು, ಅಂಟು ಬಿಚ್ಚಿರಲಿಲ್ಲ. ಮುಖೇಶನಿಗೂ ಇಮ್ತಿಯಾಝನಿಗೂ ತೋರಿಸಿದರು. ಇಬ್ಬರೂ ತಿರುಗಿಸಿ ನೋಡಿ ತಲೆಯಾಡಿಸಿದರು.

"ಇದರ ಕೀಲಿ ನನ್ನ ಸೊಂಟದಲ್ಲೇ ಇದ್ದದ್ದು," ಎಂದರು ಪೂವಪ್ಪ. "ಯಾರಿಗಾದ್ರೂ ಸಂಶಯ ಉಂಟಾ?"

ಯಾರಿಗೂ ಇರಲಿಲ್ಲ. ಅವರು ಲಕೋಟೆಯ ಅಂಚು ಹರಿದರು. ಹಬೀಬಾ ಫ್ಲಾಸ್ಕಿನ ಬಣ್ಣ ನೋಡುವವಳ ಹಾಗೆ ಉಸಿರು ಹಿಡಿದು ನಿಂತಿದ್ದಳು. ಪೂವಪ್ಪ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕಾರ್ಬನ್ ಮಸುಕಾಗಿತ್ತು. ಅವರು ಒಂದೊಂದೇ ಶಬ್ದ ಬಿಡಿಸಿ ಓದಿದರು.

"ಇದು. ನನ್ನ. ಮಾತಲ್ಲ. ಎದುರಿನವರದು. ಶೋಭಿತ್."

ಹಬೀಬಾ ಉಸಿರು ಬಿಟ್ಟಳು. ಹಿಂದಿನ ಸಾಲಿನಲ್ಲಿ ಅಮ್ಮನ ಪಕ್ಕ ತಲೆ ತಗ್ಗಿಸಿ ಕೂತಿದ್ದ ಶೋಭಿತ್ ತಲೆ ಎತ್ತಿದ.

ಲಕೋಟೆಯಲ್ಲಿ ಇನ್ನೂ ಮೂರು ಹಾಳೆಗಳಿದ್ದವು, ತಿದ್ದಿ ಬಿಟ್ಟವು. ಪ್ರತಿಯೊಂದರ ಕೆಳಗೂ ನಜ್ಲಾಳ ಷರಾ. ಪೂವಪ್ಪ ಅವನ್ನೂ ಬಿಡದೆ ಓದಿದರು: "ಇದಲ್ಲ." "ಇದೂ ಅಲ್ಲ, ನಿನ್ನ ಅಪ್ಪನ ಭಾಷಣ ಇದು." "ಹತ್ತಿರ ಬಂದೆ. ಜ್ವರದ ಮಾತು ಸೇರಿಸು."

ಸಭೆ ಗೊಳ್ಳೆಂದಿತು. ಮುಖೇಶನ ಮುಖ ಕೆಂಪಾಯಿತು, ಆದರೆ ತುಟಿಯ ಒಂದು ಬದಿ ಎಳೆದುಕೊಂಡದ್ದನ್ನು ಹಬೀಬಾ ನೋಡಿದಳು. ಹುಡುಗ ಹುಡುಗಿಯ ಕಾಗದ ಎಂದು ಪಿಸುಗುಟ್ಟಿದ್ದ ರಿತೇಶ್ ಬಾಗಿಲ ಮರೆಗೆ ಸರಿದ. "ಹತ್ತಿರ ಬಂದೆ" ಎಂಬುದರಲ್ಲಿಯೂ ಅವನಿಗೆ ಬೇಕಾದದ್ದು ಏನೂ ಸಿಗುವ ಹಾಗಿರಲಿಲ್ಲ.

"ತಲೆಬರಹ ಉಂಟು, ಒಪ್ಪಿದೆ," ಎಂದ ಮುಖೇಶ್. "ನನ್ನ ಹೆಬ್ಬೆರಳಿನ ತಪ್ಪು. ಆದ್ರೆ ಹಬೀಬಕ್ಕ, ಎದುರಿನವರ ಮಾತನ್ನು ಅಷ್ಟು ಚಂದ ಮಾಡಿ ಬರೆಯುವ ಕರ್ಮ ನನ್ನ ಮಗನಿಗೆ ಎಂತಕ್ಕೆ?"

ಹಬೀಬಾ ಎರಡನೆಯ ಲಕೋಟೆಯನ್ನು ಪೂವಪ್ಪನವರ ಕೈಗೆ ಕೊಟ್ಟು, "ತಲೆಬರಹ, ರುಜು ಎರಡೂ ಬಿಟ್ಟು ನಡುವಿನದ್ದು ಮಾತ್ರ ಓದಿ," ಎಂದಳು.

ಪೂವಪ್ಪ ಓದಿದರು. "ಒಂದು ಬೆಂಚಿನಲ್ಲಿ ಇಬ್ಬರು ಹುಡುಗಿಯರು ಕೂತಿದ್ದಾರೆ. ಇಬ್ಬರ ಅಪ್ಪಂದಿರೂ ಒಂದೇ ದೋಣಿಯಲ್ಲಿ ಮೀನಿಗೆ ಹೋಗುವವರು. ಇಬ್ಬರ ಮನೆಯಲ್ಲೂ ಒಂದೇ ಗಂಜಿ. ಒಬ್ಬಳಿಗೆ ಅರ್ಜಿ ಸಿಗುತ್ತದೆ, ಇನ್ನೊಬ್ಬಳು ಕಿಟಕಿಯಿಂದ ಹಿಂದೆ ಬರುತ್ತಾಳೆ. ಹಿಂದೆ ಬಂದವಳ ಮನೆಯಲ್ಲಿ ಹುಟ್ಟುವುದು ದ್ವೇಷ ಅಲ್ಲ, ಪ್ರಶ್ನೆ. ಸರಕಾರ ಬಡತನವನ್ನು ಅಳೆಯಲಿ, ಹೆಸರನ್ನಲ್ಲ. ಇದನ್ನು ಕೇಳಿದವರನ್ನೆಲ್ಲ ಕೆಟ್ಟವರು ಎಂದರೆ ಆ ಹುಡುಗಿಗೆ ಉತ್ತರ ಕೊಟ್ಟ ಹಾಗಾಗುವುದಿಲ್ಲ."

ಮುಖೇಶ್ ಓದು ಮುಗಿಯುವ ಮೊದಲೇ ತಲೆಯಾಡಿಸತೊಡಗಿದ್ದ. "ಸರಿಯಾಗಿ ಉಂಟು. ಇದನ್ನೇ ನಾನು ಎಲ್ಲ ಕಡೆ ಹೇಳುವುದು. ಇದು ಯಾರು ಬರೆದದ್ದು? ನಮ್ಮ ಸಭೆಗಳಲ್ಲಿ ಬೊಬ್ಬೆ ಹಾಕುವವರಿಗೆ ಇಷ್ಟು ಬರುವುದಿಲ್ಲ."

"ನಜ್ಲಾ," ಎಂದರು ಪೂವಪ್ಪ. "ಇಮ್ತಿಯಾಝನ ಮಗಳು."

ಹಬೀಬಾ ಅಭ್ಯಾಸಬಲದಿಂದ ಕೈಗಡಿಯಾರ ನೋಡಿದಳು. ಸೆಕೆಂಡಿನ ಮುಳ್ಳು ಅರ್ಧ ಸುತ್ತು ಬರುವ ತನಕ ಸಭಾಂಗಣದಲ್ಲಿ ಫ್ಯಾನಿನ ಸದ್ದು ಮಾತ್ರ.

ಆಮೇಲೆ ಇಮ್ತಿಯಾಝ್ ಕೈ ಚಾಚಿದ. "ಆ ಹುಡುಗನದ್ದನ್ನು ಕೊಡಿ, ಪೂವಪ್ಪಣ್ಣ." ತಾನೇ ಓದಿದ, ಮೊದಲು ಮನಸ್ಸಿನಲ್ಲಿ, ಮತ್ತೆ ಗಟ್ಟಿಯಾಗಿ. "ಯಾರ ಮಕ್ಕಳು ಹೆಚ್ಚು ಶಾಲೆ ಬಿಡುತ್ತಾರೆ ಎಂದು ಎಣಿಸಿದ ಮೇಲೆ ಇದನ್ನು ಮಾಡಿದ್ದು. ಇದು ಉಪಕಾರ ಅಲ್ಲ. ಜ್ವರ ಬಂದವನಿಗೆ ಮಾತ್ರೆ ಕೊಟ್ಟರೆ ಉಳಿದವರಿಗೆ ಅನ್ಯಾಯ ಆಗುವುದಿಲ್ಲ. ಜ್ವರ ಬಿಟ್ಟರೆ ಮಾತ್ರೆಯೂ ನಿಲ್ಲಲಿ. ಆದರೆ ಬಿಟ್ಟಿದೆಯೇ ಎಂದು ನೋಡದೆ ನಿಲ್ಲಿಸಬೇಡಿ." ಅವನು ಹಾಳೆಯನ್ನು ಮಡಚಿದ. "ಇದರಲ್ಲಿ ನಾನು ಒಂದು ಅಕ್ಷರ ತೆಗೀಲಿಕ್ಕಿಲ್ಲ."

"ನೀನು ಈಗ ಆ ಕಡೆಯಾ, ಈ ಕಡೆಯಾ?" ಎಂದು ಮುಖೇಶ್ ಮಗನನ್ನು ಕೇಳಿದ. ದನಿಯಲ್ಲಿ ಸಿಟ್ಟು ಇರಲಿಲ್ಲ, ಆದರೆ ಕೇಳದೆ ಇರುವುದಕ್ಕೆ ಅವನಿಂದ ಆಗಲಿಲ್ಲ.

ಶೋಭಿತ್ ಎದ್ದು ನಿಂತ. "ನಿಮ್ಮ ಕಡೆಯೇ ಅಪ್ಪ. ಮೊದಲು ನೀವು ಹೇಳ್ತೀರಿ ಅಂತ ಇದ್ದೆ. ಈಗ ಅವರದ್ದನ್ನು ಪೂರ್ತಿ ಕೇಳಿಯೂ ಇದ್ದೇನೆ." ನಜ್ಲಾಳ ಕಡೆ ತಿರುಗಿದ. "ಬಸ್ಸಿನ ವಿಷಯದಲ್ಲಿ ಮಾತ್ರ ಇಲ್ಲ. ಅದರಲ್ಲಿ ಆಸ್ಯಮ್ಮಜ್ಜಿ ಗೆದ್ರು."

"ಅಜ್ಜಿಗೆ ಹೇಳ್ತೇನೆ," ಎಂದಳು ನಜ್ಲಾ ಇನ್ನೊಂದು ಬದಿಯಿಂದ. "ಅವರು ಈಗ ಧರ್ಮಸ್ಥಳದ ಬಸ್ಸಿನಲ್ಲಿದ್ದಾರೆ. ಸುಮ್ನೆ ಕಿಟಕಿ ನೋಡ್ಲಿಕ್ಕೆ ಹೋದದ್ದು."

ಹಬೀಬಾ ತನ್ನ ಪುಸ್ತಕ ತೆರೆದು ಅಂಕಿಗಳನ್ನು ಓದಿದಳು. ಇಪ್ಪತ್ತೆಂಟು ಶನಿವಾರ, ಹದಿನಾಲ್ಕು ಮಕ್ಕಳು. ಕಡೆ ಬದಲಿಸಿದವರು ಇಬ್ಬರು, ಒಬ್ಬ ಆಚೆಯಿಂದ ಈಚೆ, ಒಬ್ಬಳು ಈಚೆಯಿಂದ ಆಚೆ. ಉಳಿದ ಹನ್ನೆರಡು ಮಂದಿ ಇದ್ದಲ್ಲೇ ಇದ್ದಾರೆ. ಮೊದಲ ತಿಂಗಳು ಒಂದು ರುಜು ಸಿಗುವುದಕ್ಕೆ ಸರಾಸರಿ ಐದು ಸಲ ಬರೆಯಬೇಕಿತ್ತು. ಈಗ ಎರಡು ಸಲ, ಕಷ್ಟದ ವಿಷಯವಾದರೆ ನಾಲ್ಕು. "ಇದು ತೀರಾ ಸಣ್ಣ ಮಾದರಿ," ಎಂದು ಸೇರಿಸಿದಳು. "ಇದರ ಮೇಲೆ ಇಡೀ ಊರಿನ ಬಗ್ಗೆ ಹೇಳ್ಲಿಕ್ಕೆ ಆಗುವುದಿಲ್ಲ."

"ನಾನು ಹೇಳ್ತೇನೆ," ಎಂದು ಭವ್ಯಶ್ರೀ ಎದ್ದಳು. ಸಭೆಯಲ್ಲಿ ಅವಳು ಎಂದೂ ಮಾತಾಡಿದವಳಲ್ಲ. ಗಂಡನ ಕಡೆ ನೋಡದೆ ತಂದೆಯ ಕಡೆ ತಿರುಗಿದಳು. "ಅಪ್ಪ, ನೀವು ಆಮಂತ್ರಣದ ಪಟ್ಟಿ ಬರೆದದ್ದಕ್ಕೆ, ಇವರ ಅಪ್ಪ ಅಂಗಳಕ್ಕೆ ಹಂಚಿನ ಚೂರು ತಂದದ್ದಕ್ಕೆ ನಾವಿಬ್ಬರು ಹದಿಮೂರು ವರ್ಷ ಮಾತು ಬಿಟ್ಟೆವು. ನನ್ನ ಮದುವೆಗೆ ಇವಳು ಬರಲಿಲ್ಲ. ಇವಳ ಮದುವೆಗೆ ನಾನು ಹೋಗಲಿಲ್ಲ. ನನ್ನ ಮಗನಿಗೆ ಅಷ್ಟು ವರ್ಷ ಹಾಳು ಮಾಡ್ಲಿಕ್ಕೆ ಇಲ್ಲ. ಕೀಲಿಕೈ ತೆಗೆಯುವುದಾದ್ರೆ ತೆಗೀರಿ. ಮುಂದಿನ ಶನಿವಾರ ನಮ್ಮ ಮನೆಯ ಜಗಲಿಯಲ್ಲಿ ನಡೀತದೆ."

ಕುಳಿತುಕೊಂಡಳು. ಮುಖೇಶ್ ಹೆಂಡತಿಯನ್ನು ನೋಡಿ, ಮಗನನ್ನು ನೋಡಿ, ಎದುರಿನ ಸಾಲಿನ ಇಮ್ತಿಯಾಝನನ್ನು ನೋಡಿದ.

"ಜಗಲಿಯಲ್ಲಿ ಹದಿನಾಲ್ಕು ಜನ ಹಿಡಿಯುವುದಿಲ್ಲ," ಎಂದ. "ಕೀಲಿಕೈ ಅಲ್ಲೇ ಇರಲಿ."

ಕೈ ಎತ್ತಿಸಿದಾಗ ಮೂವತ್ತೇಳು ಕೈಗಳು ಎದ್ದವು. ಹಬೀಬಾ ಎಣಿಸಿದಳು. ಮೂರು ಏಳಲಿಲ್ಲ. ಅದನ್ನೂ ಬರೆದುಕೊಂಡಳು.

ಆ ಮಧ್ಯಾಹ್ನ ಮುಖೇಶ್ ಮೂರನೆಯ ಪ್ರತಿಯನ್ನು ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಯೂ ಕಾಣುವಂತೆ ಫೋಟೋ ತೆಗೆದು ಅದೇ ವಾರ್ಡಿನ ಗುಂಪಿಗೆ ತಾನೇ ಹಾಕಿದ. ಕೆಳಗೆ ಬರೆದ: "ಮೊದಲಿನ ಫೋಟೋದಲ್ಲಿ ತಲೆಬರಹ ನನ್ನ ಬೆರಳಿನ ಅಡಿಯಲ್ಲಿತ್ತು. ನನ್ನ ಮಗ ನಮ್ಮ ಕಡೆಯವನೇ. ಆದರೆ ಎದುರಿನವರ ಮಾತನ್ನು ಎದುರಿನವರಿಗಿಂತ ಚೆನ್ನಾಗಿ ಹೇಳಬಲ್ಲ. ನಮ್ಮಲ್ಲಿ ಬೇರೆ ಯಾರಿಗೆ ಬರುತ್ತದೆ ಹೇಳಿ." ಸೋಮವಾರ ಕಾಲೇಜಿನಲ್ಲಿ ಹಿಂದಿನ ಬೆಂಚಿನ ಇಬ್ಬರು ಶೋಭಿತನ ಬಳಿ ಬಂದು, ಶನಿವಾರ ಸೇರಿಕೊಳ್ಳಲಿಕ್ಕೆ ಎಂತ ಮಾಡಬೇಕು ಎಂದು ಕೇಳಿದರು. "ಕಾರ್ಬನ್ ತನ್ನಿ," ಎಂದ ಅವನು.

ಮುಂದಿನ ಶನಿವಾರ ನಾಲ್ಕಕ್ಕೆ ಹತ್ತು ನಿಮಿಷ ಇರುವಾಗಲೇ ಹಬೀಬಾ ಕೋಣೆ ತೆರೆದಳು. ಬಂದವರು ಹತ್ತೊಂಬತ್ತು. ಅವರಲ್ಲಿ ಇಬ್ಬರಿಗೆ ನಲವತ್ತು ದಾಟಿತ್ತು. ಕೇರಂ ಬೋರ್ಡಿನ ಎರಡು ಬದಿಗೆ ಮುಖೇಶ್ ಮತ್ತು ಇಮ್ತಿಯಾಝ್ ಕೂತು, ವಿಷಯ ಕೇಳಿ, ಪೆನ್ನು ತೆಗೆದರು. ಹತ್ತು ನಿಮಿಷ ಬೆವರಿ ಇಬ್ಬರೂ ಅರ್ಧರ್ಧ ಪುಟ ಬರೆದರು. ಮುಖೇಶ್ ತನ್ನದನ್ನು ಓದಿದ. ಇಮ್ತಿಯಾಝ್ ಮೂವತ್ತು ಸೆಕೆಂಡು ಪ್ರಾಮಾಣಿಕವಾಗಿ ಕಾದ.

"ಇದಲ್ಲ," ಎಂದ.

"ಎಂತ ಇದಲ್ಲ? ಸರಿಯಾಗಿಯೇ ಉಂಟಲ್ಲ ಮಾರಾಯ."

"ಅಪ್ಪ, ವಾದ ಮಾಡ್ಲಿಕ್ಕಿಲ್ಲ," ಎಂದ ಶೋಭಿತ್ ಹಿಂದಿನಿಂದ. "ಇನ್ನೊಮ್ಮೆ ಬರೀಬೇಕು. ಕಾರ್ಬನ್ ನೇರ ಇಟ್ಕೊಳ್ಳಿ."

ಮುಖೇಶನಿಗೆ ರುಜು ಸಿಕ್ಕಿದ್ದು ಏಳನೆಯ ಸಲಕ್ಕೆ, ಇಮ್ತಿಯಾಝನಿಗೆ ಎಂಟನೆಯದಕ್ಕೆ. ಮಂಡಲದಲ್ಲಿ ಇವತ್ತಿಗೂ ಅದೇ ದಾಖಲೆ. ಐದೂವರೆಗೆ ಪೂವಪ್ಪ ಮೇಲೆ ಬಂದು, ಹಳೆಯ ವಾಲಿಬಾಲ್ ಟ್ರೋಫಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಆ ಎರಡು ಲಕೋಟೆಗಳಿಗೆ ಜಾಗ ಮಾಡಿದರು. ಹಬೀಬಾ ಅಂಚಿನ ಮೇಲೆ ದಿನಾಂಕ ಬರೆದಳು. ಒಳಗೆ ಏನಿದೆ ಎಂದು ಅವಳು ಆ ದಿನವೂ ಇಣುಕಲಿಲ್ಲ.